ಸಂತೆ ಕಂಬದ ಕ್ಯಾಮೆರಾಕ್ಕೆ, ಕುರಿಯ ಮುಖದ ವಿಚಾರವಾಗಿ

ನಮ್ಮ ಸಂತೆ ಮೈದಾನದ ದೀಪದ ಕಂಬದಲ್ಲಿ, ನೆಲದಿಂದ ಇಪ್ಪತ್ತು ಅಡಿ ಎತ್ತರದಲ್ಲಿ ವಿರಾಜಮಾನರಾಗಿರುವ ಮಾನ್ಯ ಸಿಸಿಟಿವಿ ಕ್ಯಾಮೆರಾ ಅವರೇ,

ಶ್ರೀರಾಂಪುರದಿಂದ ಬಸ್ಸಿನಲ್ಲಿ ಎರಡು ಸ್ಟಾಪ್ ಈಚೆಗಿರುವ ನಮ್ಮೂರಿನ ಪರವಾಗಿ ತಮಗೆ ಕತ್ತೆತ್ತಿ ನಮಸ್ಕಾರ. ಬಿಸಿಲು, ಧೂಳು, ಕಾಗೆಗಳ ಕಿರುಕುಳ ಯಾವುದನ್ನೂ ಲೆಕ್ಕಿಸದೆ, ಒಂದು ದಿನವೂ ರಜೆ ಹಾಕದೆ ತಾವು ಸೋಮವಾರದ ಕುರಿ ಸಂತೆಯನ್ನು ಕಾಯುತ್ತಿರುವುದಕ್ಕೆ ನಾವೆಲ್ಲ ಋಣಿಗಳು. ಅದನ್ನು ಒಪ್ಪಿಕೊಂಡ ಮೇಲೆಯೇ ಒಂದು ಸಣ್ಣ ದೂರನ್ನು ತಮ್ಮ ಪಾದಕ್ಕೆ, ಪಾದವಿಲ್ಲದ ಕಾರಣ ಕಂಬದ ಬುಡಕ್ಕೆ, ಅರ್ಪಿಸುತ್ತಿದ್ದೇನೆ.

ದೂರು ತಮ್ಮ ಎತ್ತರದ ಬಗ್ಗೆ. ನಾನು ಟೆಂಟಿನಲ್ಲಿ ನೆಲದ ಟಿಕೆಟ್ ತೆಗೆದುಕೊಂಡು ಸಿನಿಮಾ ನೋಡಿ ಬೆಳೆದವನು, ಆಮೇಲೆ ಗ್ರಂಥಾಲಯದ ನೌಕರಿಯಲ್ಲಿ ಸಿನಿಮಾ ಪುಸ್ತಕಗಳನ್ನು ಧೂಳು ಹೊಡೆಯುವ ನೆಪದಲ್ಲಿ ಓದಿದವನು. ಕ್ಯಾಮೆರಾವನ್ನು ನೆಲದಲ್ಲಿಟ್ಟು ಮೇಲಕ್ಕೆ ನೋಡಿದರೆ ಎಂಥ ಪೀಚು ಮನುಷ್ಯನೂ ರಾಜನಾಗುತ್ತಾನೆ. ಮಾಳಿಗೆಗೆ ಏರಿಸಿ ಕೆಳಕ್ಕೆ ನೋಡಿದರೆ ರಾಜನೂ ಏನೋ ಕದ್ದು ಸಿಕ್ಕಿಬಿದ್ದವನಂತೆ ಕುಗ್ಗುತ್ತಾನೆ. ಹತ್ತಿರ ಹೋಗಿ ಪರದೆಯ ತುಂಬ ಮುಖ ತೋರಿಸಿದಾಗಷ್ಟೇ ಅವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುತ್ತದೆ. ಒಬ್ಬನನ್ನು ಮಹಡಿಯ ಮೇಲಿನಿಂದ ತೋರಿಸಿದ ಕೂಡಲೇ, ಅವನು ಬಾಯಿ ಬಿಡುವ ಮೊದಲೇ, ಟೆಂಟಿನ ಹೆಂಗಸರು ಶಾಪ ಹಾಕಲು ಶುರುಮಾಡುತ್ತಿದ್ದುದು ನನಗಿನ್ನೂ ನೆನಪಿದೆ. ಸಿನಿಮಾದವರು ಇವನ್ನೆಲ್ಲ ಬೆರೆಸಿ ಬಳಸುತ್ತಾರೆ. ತಾವು ಮಾತ್ರ ಮಾಳಿಗೆಯಿಂದ ಇಳಿದೇ ಇಲ್ಲ.

ಹೋದ ತಿಂಗಳ ಮೊದಲ ಸೋಮವಾರ, ಹಾಲುರಾಮೇಶ್ವರದ ಕಡೆಯ ಕುರಿಗಾಹಿ ಬೀರಪ್ಪನ ಕುರಿಯೊಂದು ಹಗ್ಗ ಕಳಚಿಕೊಂಡು ವ್ಯಾಪಾರಿ ಹರೀಶ್ ಅವರ ಮಂದೆಯೊಳಗೆ ಸೇರಿಕೊಂಡಿತು. ಬೀರಪ್ಪ ಕುರಿಗೆ ಬಣ್ಣದ ಗುರುತು ಹಾಕುವವನಲ್ಲ. ನಾವು ನೆಂಟರನ್ನು ಗುರುತಿಸುವಂತೆ ಅವನು ಕುರಿಯನ್ನು ಮುಖ ನೋಡಿ ಗುರುತಿಸುತ್ತಾನೆ. ಹಾಗಾಗಿ ಮಂದೆಯೊಳಗೆ ಬಗ್ಗಿಕೊಂಡು, ಒಂದೊಂದರ ಗದ್ದ ಹಿಡಿದೆತ್ತಿ ನೋಡುತ್ತಾ ಹೋದ, ತನ್ನದು ಸಿಕ್ಕಿತು, ಹೊಡೆದುಕೊಂಡು ಹೊರಟ. ಅದೇ ದಿನ ಹರೀಶ್ ಅವರ ಕುರಿಯೊಂದು ಕಾಣೆಯಾಯಿತು. ಸಂತೆ ಸಮಿತಿಯವರು ತಮ್ಮ ಮೊರೆಹೊಕ್ಕರು. ತಾವು ತೋರಿಸಿದ್ದು ಇಷ್ಟು: ಕಂಬಳಿ ಹೊದ್ದ ಒಂದು ಆಕೃತಿ ಕುರಿಗಳ ನಡುವೆ ಕುಕ್ಕರಿಸುತ್ತದೆ, ಅತ್ತ ಸರಿಯುತ್ತದೆ, ಇತ್ತ ಸರಿಯುತ್ತದೆ, ಒಂದು ಕುರಿಯೊಂದಿಗೆ ಕಣ್ಮರೆಯಾಗುತ್ತದೆ. ಮುಖ ನೋಡಲು ಬಗ್ಗಿದವನು ಮುಖ ಮರೆಸಲು ಬಗ್ಗಿದವನಾಗಿಬಿಟ್ಟ.

ತಮ್ಮ ಕಲೆಯ ಶಕ್ತಿ ಎಂಥದೆಂದರೆ, ಕುರಿ ಸಮೇತ ಸಮಿತಿ ಕಚೇರಿಗೆ ಕರೆಸಿದಾಗ ಅದನ್ನು ನೋಡಿದ ಬೀರಪ್ಪನೇ, "ಯಾವನ್ರೀ ಇವ್ನು? ನೋಡಿದ್ರೇ ಗೊತ್ತಾಗ್ತೈತೆ ಕಳ್ಳ ಅಂತ. ಹಿಡ್ದು ಕುಂದರಿಸ್ರಿ ಮೊದ್ಲು," ಎಂದ.

"ಲೇ ಬೀರಪ್ಪ, ಅದು ನೀನೇ ಕಣಪ್ಪ," ಎಂದರು ಅಧ್ಯಕ್ಷ ಪ್ರಸನ್ನಕುಮಾರ್.

"ನನ್ ನೆತ್ತಿ ನಾನೆಲ್ಲಿ ನೋಡಿದೀನಿ ಸಾಮಿ?" ಎಂದ ಬೀರಪ್ಪ.

ಎಲ್ಲರೂ ನಕ್ಕರು. ನಕ್ಕು ಮುಗಿಸಿ, ಅವನ ಕುರಿಯನ್ನು ಕಚೇರಿಯ ಹಿಂದೆ ಕಟ್ಟಿಹಾಕಿ, ಅವನು ಸಂತೆಗೆ ಕಾಲಿಡಬಾರದೆಂದು ತೀರ್ಮಾನಿಸಿದರು. ತಮ್ಮ ಕಲಾಕೃತಿ 'ಕುರಿ ಕಳ್ಳ' ಎಂಬ ಹೆಸರಿನಲ್ಲಿ ಚಿತ್ರದುರ್ಗ, ಹಿರಿಯೂರುಗಳ ಮೊಬೈಲುಗಳಲ್ಲಿ ಓಡಾಡಿತು. ಸಿರಿಗೆರೆಯಲ್ಲಿ ಓದುತ್ತಿರುವ ಅವನ ಮಗಳು ಚೈತ್ರಾಳಿಗೆ ಗೆಳತಿಯೊಬ್ಬಳು ನಗುತ್ತಾ ತೋರಿಸಿದಳಂತೆ. "ನಮ್ಮಪ್ಪ ಕಣೇ ಅದು. ಕುರಿ ಮಕ ನೋಡ್ತಾವ್ನೆ ಅಷ್ಟೆ," ಎಂದವಳೇ ಬಸ್ಸು ಹತ್ತಿ ಊರಿಗೆ ಬಂದಳು.

ಗುರುವಾರ ಹರೀಶ್ ಅವರ ಕುರಿ ಹೊಳಲ್ಕೆರೆಯ ವ್ಯಾಪಾರಿಯ ಟೆಂಪೋದಲ್ಲಿ ತಪ್ಪಿ ಹೋಗಿದ್ದು ಪತ್ತೆಯಾಯಿತು. ಹರೀಶ್ ತಾವೇ ಬಂದು, "ನಂದು ಸಿಕ್ತು, ಪಾಪ ಅವನ್ದು ಬಿಟ್ಟುಬಿಡ್ರಿ," ಎಂದರು. ಅಧ್ಯಕ್ಷರು ಒಪ್ಪಲಿಲ್ಲ. "ಕುರಿ ಸಿಕ್ಕಿದ್ದು ಬ್ಯಾರೆ ವಿಷ್ಯ. ವಿಡಿಯೋ ಐತಲ್ಲ?" ಎಂದರು. ಇನ್ನು ಮುಂದೆ ಸಂತೆಯಲ್ಲಿ ಬಗ್ಗುವುದಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ಕುರಿ ವಾಪಸ್ಸಂತೆ.

"ಬಗ್ಗದೆ ಮಕ ನೋಡಾದೆಂಗೆ ಸಾಮಿ? ಕುರಿನ ಕುರ್ಚಿ ಮ್ಯಾಲೆ ಕುಂದರಿಸ್ಲಾ?" ಎಂದ ಬೀರಪ್ಪ, ಸಹಿ ಹಾಕಲಿಲ್ಲ.

ಚೈತ್ರಾ ಕಚೇರಿಯ ಹಿಂದೆ ನೆಲದ ಮೇಲೆ ಕುಳಿತು, ಕುರಿಯ ಕಣ್ಣಿನ ಮಟ್ಟಕ್ಕೆ ಮೊಬೈಲು ಹಿಡಿದು, ಅಪ್ಪ ಅದರ ಗದ್ದ ಎತ್ತುವುದನ್ನೂ ಅದು ಅವನ ಅಂಗೈ ಮೂಸುವುದನ್ನೂ ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕಿದಳು. ಅದನ್ನು ನೋಡಿದ ಯಾರಿಗೂ ಕುರಿ ಯಾರದೆಂದು ಕೇಳಬೇಕೆನಿಸದು. ಇದುವರೆಗೆ ನಲವತ್ತೊಂದು ಸಲ ನೋಡಲಾಗಿದೆ. ಅದರಲ್ಲಿ ಒಂಬತ್ತು ಸಲ ನಾನೇ.

ಆದಕಾರಣ ಮಾನ್ಯರಲ್ಲಿ ಕೋರುವುದೇನೆಂದರೆ, ತಾವು ಪ್ರತಿ ಸೋಮವಾರ ಕಂಬದಿಂದ ಇಳಿದು, ಕುರಿಗಳ ನಡುವೆ ಹತ್ತು ನಿಮಿಷ ಕುಕ್ಕರಗಾಲಿನಲ್ಲಿ ಕುಳಿತು, ಬಳಿಕ ಸ್ವಸ್ಥಾನಕ್ಕೆ ಮರಳಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಸಂತೆಗೆ ಬರುವವರೆಲ್ಲ ನೆತ್ತಿಯ ಮೇಲೆ ಕಣ್ಣು, ಮೂಗು ಮತ್ತು ಸಾಧ್ಯವಾದಷ್ಟು ಪ್ರಾಮಾಣಿಕತೆಯನ್ನು ಬರೆಸಿಕೊಂಡು ಬರುವಂತೆ ಸಮಿತಿಯಿಂದ ಆದೇಶ ಹೊರಡಿಸಿಕೊಡಬೇಕು.

ಎತ್ತರದಲ್ಲಿರುವವರ ಮೇಲೆ ಇನ್ನೂ ಭರವಸೆ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ತಿಪ್ಪಯ್ಯ

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಇನ್ನೊಂದು ಸೋಮವಾರ ಬಂತು. ಬೀರಪ್ಪ ತುಂಬಿದ ಸಂತೆಯೊಳಗೆ ನಡೆದುಬಂದು, ಕಚೇರಿಯ ಹಿಂದಿನಿಂದ ತನ್ನ ಕುರಿಯನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು ತಮ್ಮ ಕಂಬದ ಕೆಳಗೆ ನಿಂತು, ಅದರ ಗದ್ದವನ್ನು ತಮ್ಮ ಕಡೆಗೆ ಎತ್ತಿ ಹಿಡಿದು, "ನೋಡ್ಕಳಪ್ಪ ಸರಿಯಾಗಿ. ಇದು ಇವಳ ಮಕ, ಇದು ನಂದು," ಎಂದು ಹೇಳಿ ಮನೆಗೆ ಹೋದ. ಅಧ್ಯಕ್ಷರೂ ಸೇರಿದಂತೆ ಯಾರೂ ತಡೆಯಲಿಲ್ಲ. ತಮ್ಮ ಜೀವಮಾನದಲ್ಲಿ ತಮಗೆ ಒದಗಿಬಂದ ಆ ಏಕೈಕ ಮುಖದರ್ಶನದ ಪ್ರತಿಯನ್ನು ನಾನು ಕೇಳಲು ಹೋದಾಗ, ಅವನು ಕಂಬದ ಕೆಳಗೆ ನಿಂತಿದ್ದ ಹೊತ್ತಿನಲ್ಲಿ ಕರೆಂಟು ಇರಲಿಲ್ಲವೆಂದು ತಿಳಿದುಬಂತು.