ಐದು ರೂಪಾಯಿಯ ಅಡ್ಡದಾರಿ

ಮಗಳನ್ನು ನೋಡಲು ಗುರುಗುಂಟಾದಿಂದ ಗಂಡಿನ ಕಡೆಯವರು ಬರುವ ದಿನವೇ ಮಸ್ಕಿಯ ಸಂತೆ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಹುಡುಗ ಹುಡುಗಿಯನ್ನು ನೋಡಬೇಕು. ಸಂತೆ ರಸ್ತೆಗೆ ಚೆಲ್ಲಿತೆಂದರೆ ಭತ್ತದ ಟ್ರ್ಯಾಕ್ಟರು, ಎತ್ತಿನ ಬಂಡಿ, ಬಸ್ಸು ಎಲ್ಲ ಒಂದೇ ಚೀಲದಲ್ಲಿ ತುರುಕಿದ ಬೆಕ್ಕುಗಳಂತಾಗುವುದು ಕರಿಬಸಯ್ಯನಿಗೆ ಗೊತ್ತಿತ್ತು.

ರಸ್ತೆಗೆ ಹತ್ತಿಯೇ ಅವನ ಜೋಳ ಕೊಯ್ದ ಹೊಲ. ಬೆಳಗಾಗುತ್ತಲೇ ಬದು ಕಡಿದು, ಬೀಗರಿಗೆಂದು ಸಂತೆಯನ್ನು ಸುತ್ತುಹಾಕಿ ಆಚೆ ರಸ್ತೆಗೆ ಏರುವ ದಾರಿ ಮಾಡಿದ. ಸೈಕಲ್ ಅಂಗಡಿಯ ಲಾಲ್‌ಸಾಬ್ ಬುದ್ಧಿ ಹೇಳಿದ:

"ಪುಕ್ಕಟೆ ಬಿಟ್ರ ಎಲ್ಲಾರೂ ನುಗ್ತಾರ ಅಯ್ಯನವರ. ಎರಡು ರೂಪಾಯಿ ಇಡ್ರಿ. ಬೀಗರಿಗೆ ದಾರಿ ಖುಲ್ಲಾ ಇರ್ತದ."

ಕರಿಬಸಯ್ಯ ಹಗ್ಗ ಅಡ್ಡ ಹಿಡಿದು ನಿಂತ. ಗಂಟೆಹೊತ್ತು ನೊಣವೂ ಬರಲಿಲ್ಲ. ಆಮೇಲೆ ಟ್ರ್ಯಾಕ್ಟರಿನವನೊಬ್ಬ ರೊಕ್ಕ ಕೊಟ್ಟು ಬಾಣದಂತೆ ದಾಟಿಹೋದ. ಅದನ್ನು ಕಂಡು ಹತ್ತು ಗಾಡಿ ಇತ್ತ ತಿರುಗಿದವು. ಗಾಬರಿಯಾದ ಕರಿಬಸಯ್ಯ ಮಂದಿಯನ್ನು ತಡೆಯಲೆಂದು ಐದು ರೂಪಾಯಿ ಮಾಡಿದ. ಅಲ್ಲೇ ಕೆಟ್ಟಿತು. ಐದು ಕೇಳುತ್ತಾನೆಂದರೆ ದಾರಿ ನೆಟ್ಟಗೆ ಸಿಂಧನೂರಿಗೇ ಮುಟ್ಟುತ್ತಿರಬೇಕೆಂದು ಬಂಡಿಯವರೂ ಚಂದಾ ಎತ್ತಿ ನುಗ್ಗಿದರು.

ಹನ್ನೊಂದರ ಹೊತ್ತಿಗೆ ಮುಂದಿನ ಟ್ರೇಲರು ಬದುವಿನಲ್ಲಿ ಹೂತುಹೋಯಿತು. ಹಿಂದೆ ಮೂವತ್ತು ಗಾಡಿ. ರೊಕ್ಕ ವಾಪಸು ಕೊಡೆಂದು ಎಲ್ಲರೂ ಮುತ್ತಿದರು. ಮೋಟರ್ ಸೈಕಲ್ಲಿನ ಮೇಲಿದ್ದ ಇಸ್ತ್ರಿ ಅಂಗಿಯ ತರುಣನಂತೂ ಬಿಡಲೊಲ್ಲ. ಐದು ರೂಪಾಯಿಗೆ ಜೀವ ಬಿಡುವ ಜಿಪುಣ ಎಂದು ಕರಿಬಸಯ್ಯ ಅವನನ್ನು ಬೈದೇಬಿಟ್ಟ.

ಹನ್ನೆರಡು ದಾಟಿದ ಮೇಲೆ ಹೆಂಡತಿ ಕಲ್ಯಾಣಮ್ಮ ಏದುಸಿರು ಬಿಡುತ್ತ ಬಂದಳು.

"ನೀವಿಲ್ಲಿ ಹಗ್ಗ ಹಿಡಕೊಂಡು ನಿಂತೀರಿ. ಬೀಗರು ಬಂದು ತಾಸಾತು."

"ಹ್ಯಾಂಗ ಬಂದ್ರು?"

"ದೊಡ್ಡ ರಸ್ತ್ಯಾಗ. ಊರ ಗಾಡಿ ಎಲ್ಲಾ ನಿಮ್ಮ ಹೊಲದಾಗ ಇದ್ರ ರಸ್ತೆ ಖಾಲಿ ಇರದ ಇನ್ನೇನು?"

ಕರಿಬಸಯ್ಯನಿಗೆ ಹೋದ ಜೀವ ಬಂತು. ಹುಡುಗನಿಗೆ ಹುಡುಗಿ ಪಸಂದಾದಳೇ ಎಂದು ಕೇಳಿದ.

"ಹುಡುಗ ಎಲ್ಲಿ ಬಂದಾನ? ಎಲ್ಲಾರಕಿಂತ ಲಗೂ ಮುಟ್ಟಬೇಕಂತ ಮೋಟರ್ ಸೈಕಲ್ ಮ್ಯಾಲ ಮುಂದ ಹೊಂಟಾಂವ, ಯಾವುದೋ ರೊಕ್ಕದ ದಾರಿ ಹಿಡದಾನಂತ."

ಕರಿಬಸಯ್ಯ ನಿಧಾನಕ್ಕೆ ತಿರುಗಿದ. ಮಾತೆಲ್ಲ ಕೇಳಿಸಿಕೊಂಡ ಇಸ್ತ್ರಿ ಅಂಗಿಯ ತರುಣ ಆಗಲೇ ಗಾಡಿ ಇಳಿದು ತೋಳು ಮಡಚುತ್ತಿದ್ದ.

"ರೊಕ್ಕ ಇರ್ಲಿ ಬಿಡ್ರಿ ಮಾವಾರ. ರಾಹುಕಾಲ ಒಂದೂವರಿಗೆ ಬಿಡ್ತದ. ಅಷ್ಟರಾಗ ಟ್ರೇಲರ್ ಎತ್ತಿಬಿಡೂಣು. ನೀವು ಹಿಂದಿಂದ ನೂಕ್ರಿ."

ಧೋತರ ಮೇಲೆ ಕಟ್ಟಿ, ಕರಿಬಸಯ್ಯ ಹೆಗಲು ಕೊಟ್ಟ.