ಸಾರಿಸಿದ ಗ್ಯಾಸ್ ಒಲೆ

ವೈಕುಂಠ ಸಮಾರಾಧನೆಯ ಹಂಡೆ ಕೊಪ್ಪರಿಗೆಗಳು ಬಾಡಿಗೆ ಅಂಗಡಿಗೆ ವಾಪಸಾಗಿ, ನೆಂಟರೆಲ್ಲ ಬಸ್ಸು ಹತ್ತಿ ಹೋದ ಮಾರನೆಯ ಬೆಳಿಗ್ಗೆ ಯಮುನಾಗೆ ಬೇಕಾಗಿದ್ದದ್ದು ಒಂದೇ: ತಾನೇ ಮಾಡಿಕೊಂಡ ಒಂದು ಕಪ್ ಚಹಾ. ಗಂಡ ವಾಸುದೇವ ಮಾಸ್ತರ ಹೋದ ದಿನದಿಂದ ಬೆಟಗೇರಿಯ ಆ ಓಣಿಯವರೆಲ್ಲ ಸರದಿಯ ಮೇಲೆ ಆಕೆಗೆ ಚಹಾ ತಂದು ಕುಡಿಸಿದ್ದರು. ಅದರಲ್ಲಿ ಸಕ್ಕರೆಗಿಂತ ಸಮಾಧಾನದ ಮಾತೇ ಹೆಚ್ಚಾಗಿರುತ್ತಿತ್ತು.

ಅಡುಗೆಮನೆಗೆ ಹೋದವಳು ಬಾಗಿಲಲ್ಲೇ ನಿಂತಳು. ಕಟ್ಟೆಯ ಮೇಲೆ ಗ್ಯಾಸ್ ಒಲೆ ಇರಲಿಲ್ಲ. ಅದು ಇರಬೇಕಾದಲ್ಲಿ ಕೆಸರಿನಲ್ಲಿ ಹೊರಳಿ ಬಂದ ಎಮ್ಮೆಯಂಥ ಗುಡ್ಡವೊಂದು ಕೂತಿತ್ತು. ಗುಡ್ಡಕ್ಕೆ ರಂಗೋಲಿ. ಅದರ ಎರಡು ಶಿಖರಗಳ ಮೇಲೆ ಎರಡು ದಾಸವಾಳ.

"ಅತ್ಯಾ, ಇದೇನು?"

"ಒಲಿ," ಎಂದರು ತುಳಸಾಬಾಯಿ, ಕೈ ತೊಳೆಯುತ್ತ. ಅವರು ವಾಸುದೇವನ ಸೋದರತ್ತೆ, ಲಕ್ಷ್ಮೇಶ್ವರದವರು. "ಸೂತಕ ಕಳದ ಮ್ಯಾಲೆ ಒಲಿ ಸಾರಸದ ಹಚ್ಚತಾರೇನು? ಸೆಗಣಿ, ಕೆಮ್ಮಣ್ಣು ಎರಡೂ ಹಾಕೇನಿ. ಒಂದು ತೂತ ಬಿಟ್ಟಿಲ್ಲ ನೋಡು."

"ಆ ತೂತಿನೊಳಗಿಂದನ ಉರಿ ಬರೋದು, ಅತ್ಯಾ."

"ಮತ್ತ ಮದಲ ಹೇಳಬಾರದ?"

ಹೇಳುವುದೆಲ್ಲಿ? ಯಮುನಾ ಬಾಯಿ ತೆರೆದರೆ ಸಾಕು, "ನೀ ಸುಮ್ಮನ ಕೂಡು" ಎನ್ನುವವರೇ ಸುತ್ತಲೂ. ಆಕೆ ಮಧ್ಯಾಹ್ನದ ಬಸ್ಸಿಗೆ ತಮ್ಮೊಂದಿಗೆ ಲಕ್ಷ್ಮೇಶ್ವರಕ್ಕೆ ಹೊರಡಬೇಕೆಂದು ತುಳಸಾಬಾಯಿ ನಿನ್ನೆಯೇ ತೀರ್ಮಾನಿಸಿದ್ದರು. ಅಲ್ಲಿಯ ತುಂಬಿದ ಮನೆಯಲ್ಲಿ, ದೇವರ ಕೋಣೆಯ ಪಕ್ಕದ ಮೂಲೆಯೊಂದನ್ನು ಆಕೆಗೆಂದು ಗುಡಿಸಿ ಇಟ್ಟಿದ್ದರು. ಕೂತು ಬತ್ತಿ ಹೊಸೆಯಲು ಬೇಕಾದ ಹತ್ತಿಯನ್ನಂತೂ ಅಭ್ಯಾಸಕ್ಕಿರಲೆಂದು ಜೊತೆಗೇ ತಂದಿದ್ದರು.

"ನಾ ಇಲ್ಲೇ ಇರತೇನಿ, ಅತ್ಯಾ."

"ಒಬ್ಬಾಕೀನ? ಒಲಿ ಹಚ್ಚಲಿಕ್ಕರೆ ಬರತದೇನು ನಿನಗ? ವಾಸು ಆ ಗ್ಯಾಸ ಮುಟ್ಟಗೊಡತಿದ್ದಿಲ್ಲ ಅಂತ ಓಣಿಗೆಲ್ಲಾ ಗೊತ್ತದ."

"ಹಚ್ಚಿದರ?"

ತುಳಸಾಬಾಯಿ ಯೋಚಿಸಿದರು. "ಬಸ್ಸು ಬರೋದರೊಳಗ ನೀ ಒಲಿ ಹಚ್ಚಿ ತೋರಸು. ಹತ್ತಿತು ಅಂದ್ರ ನೀ ಇಲ್ಲೇ ಇರು. ನಾ ಒಂದು ಕಪ್ ಚಹಾ ಕುಡದು ಒಬ್ಬಾಕೆನ ಹೋಗತೇನಿ. ವಾಸುನ ಆಣಿ."

ಅತ್ತೆಯ ಮಾತು ಪೂರಾ ಸುಳ್ಳಲ್ಲ: ತಾನು ಪಕ್ಕದಲ್ಲಿಲ್ಲದೆ ಆಕೆ ಗ್ಯಾಸ್ ಮುಟ್ಟಲು ವಾಸುದೇವ ಬಿಡುತ್ತಿರಲಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಯಮುನಾ ದಿನವಿಡೀ ಬರ್ನರಿನ ಮುಂದೆಯೇ ನಿಂತವಳು. "ಅದು ಲ್ಯಾಬು, ಇದು ಸಂಸಾರ," ಎಂದುಬಿಟ್ಟಿದ್ದ ವಾಸುದೇವ. ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರನಾಗಿದ್ದ ಆತ, ವರ್ಷಗಟ್ಟಲೆ ಸರದಿ ಕಾದು ಪಡೆದ ಗ್ಯಾಸನ್ನು ಚೊಚ್ಚಲ ಕೂಸಿನಂತೆ ಸಾಕಿದ್ದ. ಅಮಾವಾಸ್ಯೆಗೊಮ್ಮೆ ಬರ್ನರಿಗೆ ಹುಣಸೆಹಣ್ಣಿನ ಅಭ್ಯಂಗ, ರಬ್ಬರ್ ನಳಿಗೆಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂಬ ಪರೀಕ್ಷೆ, ಮಲಗುವ ಮುಂಚೆ ಒಲೆಗೆ ಕಸೂತಿ ಹಾಕಿದ ಮುಸುಕು. ಹಚ್ಚುವಾಗ ಪಕ್ಕದಲ್ಲಿ ನಿಂತು ಮಗ್ಗಿಯಂತೆ ಹೇಳಿಸುತ್ತಿದ್ದ: "ಮದಲ ಪಾತ್ರಿ, ಆಮ್ಯಾಲೆ ಕಡ್ಡಿ, ಆಮ್ಯಾಲೆ ಕಿವಿ ಹಿಂಡು." ಕಿವಿ ಎಂದರೆ ಒಲೆಯ ತಿರುಗಣಿ, ಮಾಸ್ತರರಿಗೆ ಹಿಂಡುವಂಥದೆಲ್ಲ ಕಿವಿಯೇ. ಸಿಲಿಂಡರ್ ಎಂದು ಬಂತು, ಎಂದು ಮುಗಿಯಬೇಕು ಎಂಬುದೆಲ್ಲ ಅವನ ತಲೆಯಲ್ಲಿತ್ತು. ಆಕೆ ಕೇಳಿದರೆ, "ಅದರ ಚಿಂತಿ ನಿನಗ ಬ್ಯಾಡ" ಎನ್ನುತ್ತಿದ್ದ.

ಯಮುನಾ ಸೆರಗು ಸಿಕ್ಕಿಸಿ ಗುಡ್ಡ ಕೆರೆಯಲು ಸೌಟು ಎತ್ತಿಕೊಳ್ಳುವಷ್ಟರಲ್ಲಿ ಪಕ್ಕದ ಮಗ್ಗದ ಮನೆಯ ಅಮೃತವ್ವ ಹಾಜರಾದಳು. ಅಮೃತವ್ವನ ಮನೆಯಲ್ಲಿ ಗ್ಯಾಸ್ ಇರಲಿಲ್ಲ. ಆದ್ದರಿಂದ ಗ್ಯಾಸಿನ ಬಗ್ಗೆ ಆಕೆಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

"ನೀ ಕುಂಡ್ರವಾ ಯಮುನವ್ವಾ, ದುಃಖದಾಗ ಇದ್ದಾಕಿ. ಗ್ಯಾಸ ಮುಗದೈತೋ ಏನೋ, ಮದ್ಲ ಅದನ್ನ ನೋಡೂಣು." ಸಿಲಿಂಡರನ್ನು ತಬ್ಬಿಕೊಂಡು, ತೆಂಗಿನಕಾಯಿಗೆ ಕಿವಿಗೊಡುವಂತೆ ಕಿವಿಗೊಟ್ಟು ಅಲುಗಿಸಿದಳು. "ಬುಳುಬುಳು ಅಂತೈತಿ! ತುಂಬಿದ ಬಸುರಿ ಇದ್ದಂಗೈತ್ರಿ ಅಮ್ಮಾರ. ಗ್ಯಾಸಿಂದೇನ ತಪ್ಪಿಲ್ಲ."

ಹಾಗೆಂದವಳೇ ಎರಡೂ ಕಿವಿಗಳನ್ನು ಒಟ್ಟಿಗೇ ಹಿಂಡಿಬಿಟ್ಟಳು. ಉರಿ ಬರಬೇಕಾದ ತೂತುಗಳೆಲ್ಲ ಮುಚ್ಚಿದ್ದರಿಂದ ಗ್ಯಾಸು ಒಲೆಯ ಹೊಟ್ಟೆಯ ಕೆಳಗಿಂದ ಭುಸ್ಸೆಂದಿತು.

"ಇಸ್ಸಿ, ಎಲ್ಲೋ ಹೆಗ್ಗಣ ಸತ್ತೈತೇನವಾ!"

ಯಮುನಾ ಧಾವಿಸಿ ತಿರುಗಣಿ ಮುಚ್ಚಿ, ಕಿಟಕಿ ತೆರೆಯುತ್ತಿರುವಾಗಲೇ ಪಡಸಾಲೆಯಿಂದ ಎದೆಯೊಡೆದಂಥ ಕೂಗು ಬಂತು. "ಬಂದ್ ಮಾಡ್ರಿ! ಯಾ ಅಲ್ಲಾ, ಗ್ಯಾಸ ಬಂದ್ ಮಾಡ್ರಿ!"

ಖಾಜಾಸಾಬ. ವಾಸುದೇವನ ಶಾಲೆಯಲ್ಲೇ ಡ್ರಾಯಿಂಗ್ ಮಾಸ್ತರ, ಅವನ ಜೀವದ ಗೆಳೆಯ. ಸಾವಾದ ದಿನದಿಂದ ಒಂದು ದಿನವೂ ತಪ್ಪದೆ ಬಂದಿದ್ದರು. ಪಡಸಾಲೆಯಲ್ಲಿ ಅಡುಗೆಮನೆ ಕಾಣುವಂಥ ಒಂದೇ ಕುರ್ಚಿಯಲ್ಲಿ ಕೂತು, ಒಳಗೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. "ಒಲಿ ಹಚ್ಚಿಲ್ಲಲ್ರಿ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ, "ಚಲೋ ಆತು, ಚಲೋ ಆತು," ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಒಡಹುಟ್ಟಿದವರೂ ಇಷ್ಟು ಸಂಕಟಪಡುವುದಿಲ್ಲ ಎಂದು ಓಣಿ ಮಾತಾಡಿಕೊಂಡಿತ್ತು.

"ಇವತ್ತ ಹಚ್ಚಾಕ ಹತ್ತೀರೇನ್ರಿ ಬಾಯಾರ?" ಖಾಜಾಸಾಬರ ದನಿ ನಡುಗಿತು. "ಇನ್ನೊಂದೆರಡ ದಿನಾ ತಡದಿದ್ರ..."

ತುಳಸಾಬಾಯಿ ಸೆರಗಿನಿಂದ ಕಣ್ಣೊತ್ತಿಕೊಂಡರು. "ಕಲಿ ಯಮುನಾ, ಇವರನ್ನ ನೋಡಿ ಕಲಿ. ನೀ ಒಂದು ಹನಿ ಕಣ್ಣೀರು ಹಾಕಲಿಲ್ಲ."

ಅದೂ ನಿಜ. ಅಳು ಎಲ್ಲೋ ಕಟ್ಟಿಕೊಂಡಿತ್ತು, ಎಲ್ಲಿ ಎಂದು ಯಮುನಾಗೂ ತಿಳಿದಿರಲಿಲ್ಲ. ಆಕೆ ಸೌಟು ತೆಗೆದುಕೊಂಡು ಕೆರೆಯಲು ಕೂತಳು.

ಅದೇ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಕಾಗೆಯೊಂದು ಬಂದು ಕೂತದ್ದೇ ತುಳಸಾಬಾಯಿಗೆ ಎಲ್ಲವೂ ಹೊಳೆಯಿತು.

ಕೆರೆಯ ದಂಡೆಯಲ್ಲಿ ಪಿಂಡವಿಟ್ಟ ದಿನ ಕಾಗೆ ಮುಟ್ಟಿರಲಿಲ್ಲ. ಸತ್ತವರ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎಂಬುದು ಎಲ್ಲರೂ ಬಲ್ಲ ಮಾತು. ಬಂದವರೆಲ್ಲ ಒಬ್ಬೊಬ್ಬರಾಗಿ ಕೈಮುಗಿದು ವಚನ ಕೊಟ್ಟಿದ್ದರು: ನಿನ್ನ ಹೆಂಡತಿಯನ್ನು ನೋಡಿಕೊಳ್ಳುತ್ತೇವೆ, ನಿನ್ನ ಹೆಸರಲ್ಲಿ ಶಾಲೆಗೆ ಗಡಿಯಾರ ಕೊಡಿಸುತ್ತೇವೆ. ಕಾಗೆ ಕೊಂಬೆ ಬಿಟ್ಟಿರಲಿಲ್ಲ. ದೂರ ನಿಂತಿದ್ದ ಖಾಜಾಸಾಬರೂ ಒಂದು ಹೆಜ್ಜೆ ಮುಂದಿಟ್ಟು, ಬಾಯಿ ತೆರೆದು, ಕೆಮ್ಮಿ ಹಿಂದೆ ಸರಿದಿದ್ದರು. ಕೊನೆಗೆ ಆಚಾರ್ಯರು ದರ್ಭೆಯಲ್ಲೇ ಒಂದು ಕಾಗೆ ಮಾಡಿ ಕಾರ್ಯ ಮುಗಿಸಿದ್ದರು.

"ವಾಸುನ ಜೀವ ಈ ಗ್ಯಾಸಿನೊಳಗ ಸಿಕ್ಕೊಂಡದ! ಅದಕ್ಕ ಹತ್ತವಲ್ಲದು!"

"ಸಿಕ್ಕೊಂಡದ್ದು ಸೆಗಣಿ, ಅತ್ಯಾ."

"ನೀ ಸುಮ್ಮನ ಕೂಡು." ಅವರು ತಟ್ಟೆಯಲ್ಲಿ ಅವಲಕ್ಕಿ ಹಾಕಿ ಗೋಡೆಯ ಮೇಲಿಟ್ಟು, "ಏನ ಬೇಕೋ ವಾಸು? ಹೊಸಾ ಒಲಿ ತರಸೂಣೇನು? ಹಿತ್ತಾಳಿ ಬರ್ನರಿಂದು?" ಎಂದು ಕೂಗಿದರು. ಕಾಗೆ ಬೆನ್ನು ತಿರುಗಿಸಿತು.

ಯಮುನಾ ಬರ್ನರುಗಳನ್ನು ಬಿಚ್ಚಿ ಹುಣಸೆನೀರಿನಲ್ಲಿ ನೆನೆಹಾಕಿದಳು. ಅಮೃತವ್ವನ ಸೂಜಿ ಈಸಿಕೊಂಡು ಒಂದೊಂದೇ ತೂತು ಬಿಡಿಸಿದಳು. ಕೆಲಸ ಇನ್ನೇನು ಮುಗಿಯಿತು ಎನ್ನುವಾಗ ಅಮೃತವ್ವ, "ಇಷ್ಟ ಸಣ್ಣ ಕೆಲಸಕ್ಕ ಸೂಜಿ ಯಾಕವಾ, ಊದಿದ್ರ ಆತು," ಎಂದು ಬರ್ನರನ್ನು ಶಹನಾಯಿಯಂತೆ ಬಾಯಿಗಿಟ್ಟು ಬಲವಾಗಿ ಊದಿದಳು. ಒಳಗೆ ಉಳಿದಿದ್ದ ಸೆಗಣಿಯೆಲ್ಲ ಎದುರಿಗಿದ್ದ ತುಳಸಾಬಾಯಿಯ ಮಡಿಸೀರೆಯ ಮೇಲೆ ಸಿಡಿಯಿತು. ಅವರು ಇನ್ನೊಮ್ಮೆ ಸ್ನಾನ ಮಾಡಬೇಕಾಯಿತು. ಒಲೆಯಿಲ್ಲದ ಮನೆ, ತಣ್ಣೀರು. ಬಚ್ಚಲಿನಿಂದ ಕೇಳಿಬಂದ ಹೆಸರುಗಳಲ್ಲಿ ದೇವರದು ಕಡಿಮೆ, ಅಮೃತವ್ವನದು ಹೆಚ್ಚು.

"ಸಾವಕಾಶ ಮಾಡ್ರಿ ಬಾಯಾರ, ಜಲ್ದಿ ಏನೈತಿ?" ಎನ್ನುತ್ತಲೇ ಇದ್ದ ಖಾಜಾಸಾಬ, ಬರ್ನರು ಒಲೆಯೇರಿದ್ದು ಕಂಡು ಎದ್ದುನಿಂತರು. ಏನೋ ಹೇಳಹೊರಟು, ನುಂಗಿಕೊಂಡು, ಕಾಲೆಳೆಯುತ್ತ ಮನೆಗೆ ಹೋದರು.

ತುಳಸಾಬಾಯಿಯ ಗಂಟು ಹೊಸ್ತಿಲ ಬಳಿ ಸಿದ್ಧವಾಗಿತ್ತು. ಕೋಣೆಯಲ್ಲಿ ವಾಸನೆ ಉಳಿದಿಲ್ಲವೆಂದು ನೋಡಿಕೊಂಡು ಯಮುನಾ ಒಲೆಯ ಮುಂದೆ ನಿಂತಳು. ಮೊದಲು ಪಾತ್ರೆ. ಆಮೇಲೆ ಕಡ್ಡಿ. ಆಮೇಲೆ ಕಿವಿ.

ನೀಲಿ ಹೂವಿನ ದಂಡೆಯಂಥ ಉರಿ ಸುತ್ತಲೂ ಅರಳಿತು.

"ಹತ್ತಿತವಾ!" ಅಮೃತವ್ವ ಚಪ್ಪಾಳೆ ತಟ್ಟಿದಳು. "ನಾ ಊದಿದ್ದಕ್ಕ!"

ತುಳಸಾಬಾಯಿ ಒದ್ದೆ ಕೂದಲಲ್ಲೇ ಬಂದು ಬಗ್ಗಿ ನೋಡಿದರು. "ಹೊಗಿನ ಇಲ್ಲಲ್ಲ ಯಮುನಾ! ಆತು, ಗೆದ್ದಿ ನೀ. ಆಣಿ ಮಾಡೇನಿ, ಇಲ್ಲೇ ಇರು. ಚಹಾ ಕೊಡು, ಕುಡದು ಹೋಗತೇನಿ."

ಚಹಾಪುಡಿ ಬಿದ್ದು ನೀರು ಗುನುಗತೊಡಗಿತ್ತು. ಅಷ್ಟರಲ್ಲಿ ಖಾಜಾಸಾಬರ ಹೆಂಡತಿ ಮಾಸುಮಬಿ, ಗಂಡನ ಮುಂಗೈ ಹಿಡಿದು ಎಳೆದುಕೊಂಡು ಒಳಗೆ ಬಂದಳು.

"ನೀವು ಹೇಳ್ತೀರೋ, ನಾ ಹೇಳ್ಲೋ?"

ಖಾಜಾಸಾಬ ನೆಲ ನೋಡಿದರು. "ಬಾಯಾರ... ಆ ಸಿಲಿಂಡರ... ನಮ್ಮದೈತ್ರಿ."

ಎಲ್ಲರೂ ಸಿಲಿಂಡರಿನತ್ತ ತಿರುಗಿದರು.

"ನಿಮ್ಮದು ನಡುತಿಂಗಳಾಗ ಮುಗದಿತ್ರಿ. ಮಾಸ್ತರದು ಲೆಕ್ಕ ತಪ್ಪಿತ್ತು. 'ಖಾಜಾ, ಲೆಕ್ಕದ ಮಾಸ್ತರ ಲೆಕ್ಕ ತಪ್ಪಿದಾ ಅಂತ ಯಮುನಾಗ ತಿಳದ್ರ ಮರ್ಯಾದಿ ಉಳಿಯೂದಿಲ್ಲೋ' ಅಂದ್ರು. ನಮ್ಮಾಕಿ ತವರಮನಿಗೆ ಮುಂಡರಗಿಗೆ ಹೋಗಿದ್ಲು. ನೀವು ಗುಡಿಗೆ ಹೋದಾಗ ಇಬ್ರೂ ಕೂಡಿ ಅದಲಬದಲ ಮಾಡಿದ್ವಿ. ತಮ್ಮದು ಬಂದ ಕೂಡ್ಲೆ ಕೊಡ್ತೇನಿ ಅಂದಿದ್ರು. ಕೆರಿ ದಂಡ್ಯಾಗ ಆ ಕಾಗಿ ಮುಂದ ಹೇಳಬೇಕಂದ್ನಿ, ಬಾಯಿ ಬರ್ಲಿಲ್ಲ."

"ನಿನ್ನೆ ಊರಿಂದ ಬಂದು ನೋಡಿದ್ರ ಮನ್ಯಾಗ ಖಾಲಿ ಡಬ್ಬಿ!" ಎಂದಳು ಮಾಸುಮಬಿ. "ನಾಳೆ ಮಗಳನ್ನ ನೋಡಾಕ ಬರಾಕತ್ತಾರ. ಸೀಮಿಎಣ್ಣಿ ಒಂದ ಹನಿ ಇಲ್ಲ. ಕೇಳೂ ಹೊತ್ತಲ್ಲ ಇದು, ಗೊತ್ತೈತ್ರಿ ಅಕ್ಕಾರ. ಇವ್ರು ದಿನಾ ಇಲ್ಲಿ ಬಂದು ಅತ್ತಾರಂತ, ನಿನ್ನೆಯಿಂದ ಮನ್ಯಾಗೂ 'ಹೆಂಗ ಕೇಳಲಿ' ಅಂತ ಅಳೂದು. ನಾ ಏನ ಮಾಡ್ಲಿ?"

ಅಮೃತವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಂದ್ರ ಇಷ್ಟ ದಿನಾ ನೀವು ಅತ್ತಿದ್ದು ಮಾಸ್ತರಿಗಲ್ಲ, ಗ್ಯಾಸಿಗೇನ್ರಿ?"

"ಎರಡಕ್ಕೂ ಬೇ," ಎಂದರು ಖಾಜಾಸಾಬ. "ಯಾವ ಹನಿ ಯಾವುದಕ್ಕಂತ ನನಗೂ ತಿಳಿವಲ್ದು."

ಲೆಕ್ಕ ತಪ್ಪಿದ ಲೆಕ್ಕದ ಮಾಸ್ತರ, ಹೆಂಡತಿ ಇಲ್ಲದಾಗ ಬೆವರು ಸುರಿಸುತ್ತ ಸಿಲಿಂಡರ್ ಉರುಳಿಸಿದ್ದು ಯಮುನಾಗೆ ಕಣ್ಣೆದುರೇ ಕಂಡಿತು. ಆಮೇಲೂ ಅದೇ ಗತ್ತಿನಲ್ಲಿ 'ಕಿವಿ ಹಿಂಡು' ಎಂದಿದ್ದನಲ್ಲ! ನಗು ಬಂತು. ತಡೆಯಲು ಹೋದಳು, ಇನ್ನೂ ಬಂತು. ನಗುವಿನ ಹಿಂದೆಯೇ ಇಷ್ಟು ದಿನ ಬಾರದ್ದೂ ಬಂತು. ಆಕೆ ಎರಡನ್ನೂ ಸೆರಗಿನಿಂದ ಒರೆಸಿಕೊಂಡು, ಕುದಿ ಹತ್ತುತ್ತಿದ್ದ ಚಹಾದ ಕೆಳಗಿನ ಉರಿ ಆರಿಸಿ ರೆಗ್ಯುಲೇಟರ್ ಬಿಚ್ಚಿದಳು.

ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿತು, ಹಾಗೇ ದೂರವಾಯಿತು.

"ಹೋತು," ಎಂದರು ತುಳಸಾಬಾಯಿ.

"ನಾಳೆ ಹೋಗ್ರಿ, ಅತ್ಯಾ."

"ಒಲಿ ಇಲ್ಲದ ಮನಿಯೊಳಗ ನಿನ್ನ ಒಬ್ಬಾಕೀನ್ನ ಬಿಟ್ಟು? ನೀ ಇಲ್ಲೇ ಇರು, ಆಣಿ ಅಂದ್ರ ಆಣಿ. ನಿನ್ನ ಸಿಲಿಂಡರ ಬರೋತನಕ ನಾನೂ ಇಲ್ಲೇ ಇರತೇನಿ." ಅದು ಎಂದು ಬರುವುದೋ ಬಲ್ಲವನು ತೀರಿಕೊಂಡಿದ್ದ, ಅವನೂ ಲೆಕ್ಕ ತಪ್ಪಿದವನೇ. ತುಳಸಾಬಾಯಿ ಗಂಟು ಬಿಚ್ಚಿದರು. ಮೊದಲು ಹೊರಬಂದದ್ದು ಬತ್ತಿಯ ಹತ್ತಿ. ಅಡುಗೆಮನೆಯ ಪಕ್ಕದ ಮೂಲೆಯೊಂದನ್ನು ಗುಡಿಸಿ ಅಲ್ಲಿಟ್ಟರು.

ಬೆಳಿಗ್ಗೆ ಒಲೆ ಸಾರಿಸುವಾಗ ತುಳಸಾಬಾಯಿ ಸಿಲಿಂಡರಿನ ಹೆಗಲಿಗೂ ಹಚ್ಚಿದ್ದ ಅರಿಸಿನ ಕುಂಕುಮ ಹಾಗೇ ಇತ್ತು. ತುಳಸಾಬಾಯಿ ಒರೆಸಲು ಹೋದಾಗ ಮಾಸುಮಬಿ ತಡೆದಳು. "ಇರಲಿ ಬಿಡ್ರಿ ಅಮ್ಮಾರ. ನಮ್ಮದೂ ಶುಭಕಾರ್ಯನ ಐತಿ."

ಹೆಂಗಸರೆಲ್ಲ ಕೂಡಿ ಅದನ್ನು ಖಾಜಾಸಾಬರ ಸೈಕಲ್ಲಿಗೆ ಏರಿಸಿ ಕಟ್ಟಿದರು. ಹಿತ್ತಲಿನಲ್ಲಿ ಯಾರೂ ಇರಲಿಲ್ಲ. ಬೆಳಗಿನಿಂದ ಮೊದಲ ಸಲ ತನ್ನನ್ನು ಯಾರೂ ಕರೆಯುತ್ತಿಲ್ಲವೆಂದು ಕಂಡ ಕಾಗೆ ಕೆಳಗಿಳಿದು, ಆ ಮನೆಯಲ್ಲಿ ಉಳಿದಿದ್ದಷ್ಟೂ ಅವಲಕ್ಕಿ ತಿಂದು ಮುಗಿಸಿತು.

"ಮುಟ್ಟಿತು! ವಾಸು ಮುಟ್ಟಿದಾ!" ಖಾಲಿ ತಟ್ಟೆ ಕಂಡ ತುಳಸಾಬಾಯಿಯ ಕೂಗು ಓಣಿಗೆಲ್ಲ ಕೇಳಿತು.

ಯಮುನಾ ಆಗ ದೇವರ ಗೂಡಿನ ಕೆಳಗಿನ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದಳು. ಸಿಲಿಂಡರಿನ ಬಾಯಿಗೆ ಮುಚ್ಚುವ ಬಿಳಿ ಟೊಪ್ಪಿಗೆಯನ್ನು ಅವನು ಅಲ್ಲೇ, ದಾರ ಸುತ್ತಿ ಜೋಪಾನ ಮಾಡಿರುತ್ತಿದ್ದ. ಅದನ್ನು ಹಿಡಿದು ಬರಿಗಾಲಲ್ಲೇ ಓಡಿದಳು. ಓಣಿಯ ಕೊನೆಯಲ್ಲಿ ಸೈಕಲ್ಲು ಸಿಕ್ಕಿತು.

"ಇದೂ ನಿಮ್ಮದ ಅದ," ಎಂದು ಮಾಸುಮಬಿಯ ಅಂಗೈಯಲ್ಲಿಟ್ಟಳು. "ನಾಳೆ ಹಚ್ಚುವಾಗ ಲಕ್ಷ್ಯ ಇರಲಿ. ಮದಲ ಪಾತ್ರಿ, ಆಮ್ಯಾಲೆ ಕಡ್ಡಿ, ಆಮ್ಯಾಲೆ ಕಿವಿ."