ಸುಮ್ಮನೆ ಹೇಳಿದ ಅಭಿಪ್ರಾಯಗಳ ಸಮಿತಿ

ಸಾಂತಾ ರುಫೀನಾ ಪಟ್ಟಣದ ಚುಟ್ಟಾ ಕಾರ್ಖಾನೆಯಲ್ಲಿ ಚುಟ್ಟಾ ಸುತ್ತುವವರು ನೂರ ನಲವತ್ತು ಮಂದಿ ಇದ್ದು, ಅವರಲ್ಲಿ ಒಬ್ಬರೂ ವಾಚಕಿಯ ಮಾತು ಕೇಳದೆ ಮನೆಯಲ್ಲಿ ಟೀವಿ ಹಾಕುವುದಿಲ್ಲ ಎಂಬುದು ದಾಖಲೆಯಲ್ಲಿರುವ ಸಂಗತಿ.

ವಾಚಕಿಯ ಹುದ್ದೆ ನಮ್ಮಲ್ಲಿ ಕಾರ್ಖಾನೆಯಷ್ಟೇ ಹಳೆಯದು. ಕೈ ಎಲೆ ಸುತ್ತುತ್ತಿರುವಾಗ ಕಿವಿ ಖಾಲಿ ಇರಬಾರದೆಂದು ನಮ್ಮ ಮುತ್ತಜ್ಜಂದಿರು ಮಾಡಿಕೊಂಡ ಏರ್ಪಾಡು. ಎತ್ತರದ ಪೀಠ, ಪೀಠದ ಮೇಲೊಂದು ಕುರ್ಚಿ, ಕುರ್ಚಿಯ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಮಿಗ್ದಾಲಿಯಾ ಕಿಂತೇರೊ. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಮನೆಗೆ ಹೊರಡುವ ಮೊದಲಿನ ಹತ್ತು ನಿಮಿಷ ಮಾತ್ರ ಓದುವುದಲ್ಲ, ಹೇಳುವುದು: ಟೀವಿಯಲ್ಲಿ ಯಾವ ಹಾಸ್ಯ ನೋಡಬಹುದು, ಟಾಕೀಸಿಗೆ ಬಂದ ಯಾವ ಸಿನಿಮಾಕ್ಕೆ ಹೋಗಬಾರದು. ಕೇಳಿದ್ದು ಹಿಡಿಸಿದರೆ ನಾವು ಎಲೆ ಕತ್ತರಿಸುವ ಅಲಗನ್ನು ಹಲಗೆಯ ಮೇಲೆ ಟಕಟಕ ಬಡಿಯುತ್ತೇವೆ. ಹಿಡಿಸದಿದ್ದರೆ ಅಲಗನ್ನು ನೆಲಕ್ಕೆ ಹಾಕುತ್ತೇವೆ. ವಾಚಕಿಯನ್ನು ಪೀಠಕ್ಕೆ ಏರಿಸುವುದೂ ಇಳಿಸುವುದೂ ನಮ್ಮ ಕೈಯಲ್ಲೇ ಇತ್ತು. 'ಇತ್ತು' ಎಂಬ ಪದವನ್ನು ನಾನು ದೂರಿನ ಧಾಟಿಯಲ್ಲಿ ಬಳಸಿಲ್ಲ.

ಆ ಸೋಮವಾರ ಮಿಗ್ದಾಲಿಯಾ ಎರಡು ಮಾತು ಹೇಳಿದಳು. ಮೊದಲನೆಯದು 'ಲಿಫ್ಟ್ ಬರುತ್ತದೆ' ಎಂಬ ಹೊಸ ಹಾಸ್ಯ ಧಾರಾವಾಹಿಯ ಬಗ್ಗೆ.

"ಮೊದಲ ಹತ್ತು ನಿಮಿಷ ಏನೂ ಇಲ್ಲ ಕಣ್ರೋ. ಆಗ ಬೇಕಾದ್ರೆ ಕಾಳು ಆರಿಸ್ಕೊಳ್ಳಿ. ಆಮೇಲೆ ಎಂಟನೇ ಮಹಡಿ ವಿಧವೆ ಹಂದೀನ ಮೆಟ್ಟಿಲು ಹತ್ತಿಸ್ತಾಳೆ ನೋಡಿ, ಅಲ್ಲಿಂದ ಮುಂದೆ ಕಾಳು ಕೈಯಲ್ಲಿ ನಿಲ್ಲಲ್ಲ."

ಎರಡನೆಯದು ಟಾಕೀಸಿನಲ್ಲಿ ನಡೆಯುತ್ತಿದ್ದ 'ಕಬ್ಬಿನ ಮಹಾಯಾತ್ರೆ' ಚಿತ್ರದ ಬಗ್ಗೆ. "ಮೂರು ಗಂಟೆ ಇದೆ. ನಿದ್ದೆ ಬರದೇ ಇರೋರಿಗೆ ಒಳ್ಳೇದು."

ನಾವು ಬಡಿದ ಸದ್ದಿಗೆ ಸೂರಿನ ಪಾರಿವಾಳಗಳು ಹಾರಿಹೋದವು.

'ಕಬ್ಬಿನ ಮಹಾಯಾತ್ರೆ'ಯನ್ನು ನಿರ್ದೇಶಿಸಿದವರು ಪ್ರಾಂತದ ಸಂಸ್ಕೃತಿ ಇಲಾಖೆಯ ಉಪಮುಖ್ಯಸ್ಥರಾದ ನೊರ್ಬೇರ್ತೊ ಸಾಲ್ದೀವಾರ್ ಅವರ ಅಳಿಯ ಎಂಬುದು ಕೇವಲ ಕಾಕತಾಳೀಯ. ಗುರುವಾರ ಇಲಾಖೆಯಿಂದ ಪತ್ರ ಬಂದದ್ದೂ ಅಷ್ಟೇ. ನಮ್ಮ ಕಾರ್ಖಾನೆಯ ನಿರ್ದೇಶಕರಾದ ಎವೇಲಿಯೊ ಬಾಕಯಾವೊ ಅವರು ಮಿಗ್ದಾಲಿಯಾಳನ್ನು ಕರೆಸಿದರು. ಕಾರ್ಮಿಕರ ಸಾಂಸ್ಕೃತಿಕ ಸಂಘದ ಕಾರ್ಯದರ್ಶಿಯಾಗಿ ನಾನು ನಡಾವಳಿ ಬರೆದುಕೊಂಡೆ.

"ನೋಡಮ್ಮ, ಆ ನಿದ್ದೆ ಮಾತು ಯೋಚನೆ ಮಾಡಿ ಹೇಳಿದ್ದೋ, ಹಾಗೇ ಸುಮ್ಮನೆ ಹೇಳಿದ್ದೋ?"

"ಹಾಗೇ ಸುಮ್ಮನೆ ಹೇಳ್ದೆ ಕಾಮ್ರೇಡ್. ಬಾಯಿಗೆ ಬಂತು."

"ಅದೇ ಕಷ್ಟ ಆಗಿರೋದು. ಯೋಚನೆ ಮಾಡಿ ಹೇಳಿದ್ರೆ ಅದಕ್ಕೆ ನಿಯಮ ಇದೆ. ಸುಮ್ಮನೆ ಹೇಳಿದ್ದಕ್ಕೆ ಇಲ್ಲ."

"ಇಲ್ದಿದ್ರೆ ಬಿಡಿ ಮತ್ತೆ."

"ಇರೋ ನಿಯಮನ ಬೇಕಾದ್ರೆ ಬಿಡಬಹುದು. ಇಲ್ದೇ ಇರೋದನ್ನ ಹೇಗಮ್ಮ ಬಿಡೋದು? ಮೊದಲು ಮಾಡಬೇಕು."

ಹೀಗೆ ಸುಮ್ಮನೆ ಹೇಳಿದ ಅಭಿಪ್ರಾಯಗಳ ಪರಿಶೀಲನಾ ಸಮಿತಿ ಅಸ್ತಿತ್ವಕ್ಕೆ ಬಂದಿತು. ಅಧ್ಯಕ್ಷರು ಸಾಲ್ದೀವಾರ್, ಸಂಚಾಲಕರು ಬಾಕಯಾವೊ, ತಜ್ಞ ಸದಸ್ಯೆ ಬಾಕಯಾವೊ ಅವರ ನಾದಿನಿ ಯುಸ್ನಾವಿ. ಆಕೆಗೆ ಟೀವಿ ನೋಡುವುದರಲ್ಲಿ ಹತ್ತೊಂಬತ್ತು ವರ್ಷಗಳ ಅನುಭವವಿತ್ತು. ಮರುವಾರವೇ ಬಾಗಿಲ ಬಳಿ ಪ್ರಕಟಣೆ ಬಿತ್ತು:

"ಕಾರ್ಖಾನೆಯ ಆವರಣದಲ್ಲಿ ಹಾಸ್ಯ ಧಾರಾವಾಹಿ ಹಾಗೂ ಚಲನಚಿತ್ರಗಳ ಕುರಿತು ಅಭಿಪ್ರಾಯವನ್ನು ಸುಮ್ಮನೆ ಹೇಳಲಿಚ್ಛಿಸುವವರು ಸದರಿ ಅಭಿಪ್ರಾಯವನ್ನು ಹದಿನೈದು ದಿನ ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಅಭಿಪ್ರಾಯವು ಆಗಷ್ಟೇ ಹೊಳೆದಂತೆ ಇರತಕ್ಕದ್ದು. ಹೇಳುವ ಮುನ್ನ ಮೂರು ಸೆಕೆಂಡು ಸೂರನ್ನು ನೋಡತಕ್ಕದ್ದು. ಅನುಮತಿಯಿಲ್ಲದೆ ಹೇಳಿದ ವಾಚಕರು ಪೀಠದಿಂದಿಳಿದು ಎಲೆಯ ನರ ಬಿಡಿಸುವ ವಿಭಾಗಕ್ಕೆ ವರ್ಗವಾಗತಕ್ಕದ್ದು."

ನರ ಬಿಡಿಸುವ ವಿಭಾಗ ನೆಲಮಾಳಿಗೆಯಲ್ಲಿದೆ. ಅಲ್ಲಿ ಎಲೆಗೆ ನೀರು ಸಿಂಪಡಿಸುವ ಯಂತ್ರದ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಗಂಡ ತೀರಿಕೊಂಡ ಮೇಲೆ ಮಿಗ್ದಾಲಿಯಾಳ ಮಾತು ಕೇಳಲು ಲೋಕದಲ್ಲಿ ಉಳಿದಿದ್ದವರು ನಾವು ನೂರ ನಲವತ್ತು ಮಂದಿಯೇ. ಆಕೆ ಆ ದಿನವೇ ಅರ್ಜಿ ನಮೂನೆ ತೆಗೆದುಕೊಂಡಳು.

ಅಭಿಪ್ರಾಯವನ್ನು ಪರಿಶೀಲಿಸಬೇಕಾದರೆ ಸಮಿತಿಯು ಧಾರಾವಾಹಿಯನ್ನು ನೋಡಬೇಕು. ನೋಡಲು ದೊಡ್ಡ ಟೀವಿ ಬೇಕು. ಟೀವಿಯೆದುರು ಸೋಫಾ ಬೇಕು. ಇವು ಮಂಜೂರಾದವು. ಆದರೆ ಜನರು ಹಾಸ್ಯವನ್ನು ನೋಡುವುದು ಕಚೇರಿಯಲ್ಲಲ್ಲ, ಮನೆಯಲ್ಲಿ ಎಂದು ತಜ್ಞ ಸದಸ್ಯೆ ಗಮನಕ್ಕೆ ತಂದದ್ದರಿಂದ, ಪರಿಶೀಲನೆ ನೈಜವಾಗಿರಲೆಂದು ಟೀವಿಯನ್ನೂ ಸೋಫಾವನ್ನೂ ಬಾಕಯಾವೊ ಅವರ ಮನೆಗೆ ಸಾಗಿಸಲಾಯಿತು. ಬಿಸಿಲಿಗೆ ನಗೆ ಬೇಗ ಬಾಡುತ್ತದೆಂಬ ಕಾರಣಕ್ಕೆ ಫ್ಯಾನೂ ಹೋಯಿತು. ಸಮಿತಿಯ ಪ್ರತಿ ಬೈಠಕ್ಕಿಗೂ ಹುರಿದ ಹಂದಿಮಾಂಸ ಮತ್ತು ಕಾಫಿ ಇರುತ್ತಿದ್ದುದರಿಂದ ಸದಸ್ಯರ ಸಂಖ್ಯೆ ಮೂರರಿಂದ ಹದಿನೇಳಕ್ಕೆ ಏರಿತು. ಅವರಲ್ಲಿ ನಾನೂ ಒಬ್ಬ. ಮಾಂಸ ಚೆನ್ನಾಗಿ ಬೆಂದಿರುತ್ತಿತ್ತು.

ಮಿಗ್ದಾಲಿಯಾಳ ಮೊದಲ ಅರ್ಜಿ 'ಲಿಫ್ಟ್ ಬರುತ್ತದೆ'ಯ ನಾಲ್ಕನೆಯ ಕಂತಿನ ಬಗ್ಗೆ. ಒಂಬತ್ತು ವಾರಗಳಲ್ಲಿ ಅನುಮತಿ ಬಂದಿತು. ಆಕೆ ಪೀಠ ಹತ್ತಿ, ಮೂರು ಸೆಕೆಂಡು ಸೂರನ್ನು ನೋಡಿ, ಓದಿದಳು: "ಅಯ್ಯೋ, ಈಗ ನೆನಪಾಯಿತು. ನಾಲ್ಕನೆಯ ಕಂತು, ಸಮಿತಿಯ ಪತ್ರದನ್ವಯ, ನೋಡಬಹುದಾಗಿದೆ."

ಧಾರಾವಾಹಿ ಮುಗಿದು ಒಂದು ತಿಂಗಳಾಗಿತ್ತು. ಆದರೂ ನಾವು ಅಲಗು ಬಡಿದೆವು. ಬಡಿತವನ್ನು ಎಣಿಸಲು ಒಬ್ಬ ಸದಸ್ಯರನ್ನು ನೇಮಿಸಲಾಗಿತ್ತು.

ಇತ್ತ ನೂರ ನಲವತ್ತು ಮನೆಗಳಲ್ಲಿ ಒಂದು ಸಮಸ್ಯೆ ಉದ್ಭವಿಸಿತು. ವಾಚಕಿ ಹೇಳದೆ ಏನನ್ನೂ ನೋಡುವ ರೂಢಿ ನಮಗಿಲ್ಲ. ಆದ್ದರಿಂದ ಸಂಜೆ ಊಟ ಮುಗಿಸಿ, ಹೆಂಡತಿ ಮಕ್ಕಳೊಂದಿಗೆ, ಆರಿದ ಟೀವಿಯೆದುರು ಸಾಲಾಗಿ ಕುಳಿತಿರುತ್ತಿದ್ದೆವು. ನಮ್ಮನ್ನು ನೋಡಿ ನೆರೆಹೊರೆಯವರೂ ಹಾಗೇ ಕುಳಿತರು. ಚುಟ್ಟಾ ಸುತ್ತುವುದರಲ್ಲಿ ಅತ್ಯಂತ ಹಿರಿಯಳಾದ ಕಾಚಿತಾ ಅಜ್ಜಿ ಒಂದು ದಿನ ನನ್ನ ಹಲಗೆಗೆ ಅಲಗಿನಿಂದ ಕುಟ್ಟಿ ಕೇಳಿದಳು:

"ಏನಯ್ಯಾ ಕಾರ್ಯದರ್ಶಿ, ಟೀವಿ ಗಾಜಲ್ಲಿ ನನ್ನ ಮುಖ ನಾನೇ ನೋಡಿ ನೋಡಿ ಎರಡು ತಿಂಗಳಾಯ್ತು. ನಿಮ್ಮ ಸಮಿತಿ ಅದನ್ನಾದ್ರೂ ಪಾಸು ಮಾಡಿದ್ಯಾ?"

"ಅರ್ಜಿ ಬಂದಿಲ್ಲ ಅಜ್ಜಿ."

"ಬಂದ್ರೆ ಹೇಳು. ಹಾಸ್ಯದ ವಿಭಾಗಕ್ಕೆ ಹಾಕ್ಸು."

ಪ್ರಾಂತದ ವಿದ್ಯುತ್ ಕಚೇರಿಯು ನಮ್ಮ ಪಟ್ಟಣದಲ್ಲಿ ಸಂಜೆಯ ಬಳಕೆ ಕುಸಿದಿರುವುದನ್ನು ಗುರುತಿಸಿ, ವಿದ್ಯುತ್ ಉಳಿತಾಯದ ಪತಾಕೆಯನ್ನು ಕಾರ್ಖಾನೆಗೆ ಪ್ರದಾನ ಮಾಡಿತು. ಅಭಿಪ್ರಾಯವನ್ನು ತಡೆಹಿಡಿಯುವುದರಿಂದ ದೇಶಕ್ಕೆ ಬೆಳಕು ಉಳಿಯುತ್ತದೆ ಎಂದು ಸಾಲ್ದೀವಾರ್ ಭಾಷಣ ಮಾಡಿದರು. ಭಾಷಣದ ನಡುವೆ ಕರೆಂಟು ಹೋಯಿತು. ಅವರು ಅದನ್ನೂ ಉಳಿತಾಯಕ್ಕೆ ಸೇರಿಸಿದರು.

ಇಷ್ಟರವರೆಗೆ ಎಲ್ಲವೂ ಸುಗಮವಾಗಿತ್ತು. ಆದರೆ ಮಾರ್ಚ್ ತಿಂಗಳ ಒಂದು ಮಂಗಳವಾರ ಮಿಗ್ದಾಲಿಯಾ ಪೀಠದ ಮೇಲೆ ಪತ್ರಿಕೆ ಓದುತ್ತ ಟೊಮ್ಯಾಟೊ ಇಳುವರಿಯ ಸುದ್ದಿಯ ಮಧ್ಯೆ ನಿಂತುಬಿಟ್ಟಳು. ಸೂರನ್ನು ನೋಡಲಿಲ್ಲ. ನಮ್ಮನ್ನು ನೋಡಿದಳು.

"ನಿನ್ನೆ ಟಾಕೀಸಿಗೆ ಹೋಗಿದ್ದೆ ಕಣ್ರೋ. ಒಬ್ಬ ಮುದುಕಿ. ಗಂಡನ ದೋಣಿ ಮಾರೋಕೆ ಹೊರಟಿರ್ತಾಳೆ. ಕೊಳ್ಳೋಕೆ ಬಂದೋರಿಗೆಲ್ಲ 'ತೂತಿದೆ, ತೂತಿದೆ' ಅಂತ ತಾನೇ ಹೇಳಿ ಓಡಿಸ್ತಾಳೆ. ದೋಣಿಲಿ ತೂತೇ ಇಲ್ಲ. ನಕ್ಕು ನಕ್ಕು... ಆಮೇಲೆ ಯಾವಾಗ ಅಳೋಕೆ ಶುರು ಮಾಡಿದ್ನೋ ಗೊತ್ತಾಗ್ಲಿಲ್ಲ. ಹೋಗಿ ನೋಡಿ. ಇವತ್ತೇ ಹೋಗಿ."

ಹೇಳುತ್ತಲೇ ಆಕೆಯ ಕಣ್ಣೀರು ಪತ್ರಿಕೆಯ ಮೇಲೆ ಬಿತ್ತು. ಯಾರೂ ಅಲಗು ಬಡಿಯಲಿಲ್ಲ, ಕೆಳಗೂ ಹಾಕಲಿಲ್ಲ. ಬಡಿತ ಎಣಿಸುವ ಸದಸ್ಯರು ಪೆನ್ನು ಹಿಡಿದು ಕಾಯುತ್ತಿದ್ದರು. ಆ ಸಂಜೆ ನೂರ ನಲವತ್ತು ಮಂದಿ ಟಾಕೀಸಿಗೆ ಹೋದೆವು. ನಾನೂ ಹೋಗಿದ್ದೆ, ಅಲ್ಲಿ ನಡೆದದ್ದು ನಡಾವಳಿಯಲ್ಲಿಲ್ಲ.

ಬುಧವಾರ ವಿಚಾರಣೆ. ಮಿಗ್ದಾಲಿಯಾ ಒಗೆದ ಕುಪ್ಪಸ ತೊಟ್ಟು, ನೆಲಮಾಳಿಗೆಗೆ ಹೊರಟವಳಂತೆ ಕೈಗವಸನ್ನೂ ತಂದಿದ್ದಳು. ಸಾಲ್ದೀವಾರ್ ನಿಯಮ ಓದಿದರು. ಅನುಮತಿಯಿಲ್ಲದೆ ಸುಮ್ಮನೆ ಹೇಳಿದ್ದು ಸಾಬೀತಾಗಿತ್ತು. ಆಗ ಕಾಚಿತಾ ಅಜ್ಜಿ ಎದ್ದಳು. ನಿರ್ದೇಶಕ ಎವೇಲಿಯೊ ಬಾಕಯಾವೊ ಅವರನ್ನು ತೊಟ್ಟಿಲಿನಿಂದ ಬಲ್ಲವಳಾದ್ದರಿಂದ ಆಕೆಗೆ ಮಾತಾಡಲು ಅವಕಾಶ ಕೊಡಲೇಬೇಕಾಯಿತು.

"ಎವೇಲಿಯೊ, ನಿಮ್ಮದು ಯಾವ ಸಮಿತಿ ಮಗಾ?"

"ಸುಮ್ಮನೆ ಹೇಳಿದ ಅಭಿಪ್ರಾಯಗಳದ್ದು ಅಜ್ಜಿ."

"ಇವಳು ಹೇಳ್ತಾ ಕಣ್ಣೀರು ಹಾಕಿದ್ಲೋ ಇಲ್ವೋ?"

"ಹಾಕಿದ್ಲು."

"ಸುಮ್ಮನೆ ಹೇಳೋರು ಅಳ್ತಾರೇನೋ, ಪೆದ್ದಾ?"

ಸಮಿತಿ ಎರಡು ಗಂಟೆ ಚರ್ಚಿಸಿತು. ಹಂದಿಮಾಂಸ ತಣ್ಣಗಾಯಿತು. ಕಣ್ಣೀರು ಸಹಿತವಾದ ಅಭಿಪ್ರಾಯ ಸುಮ್ಮನೆ ಹೇಳಿದ್ದಲ್ಲ; ಅರ್ಜಿಯಿಲ್ಲದ್ದರಿಂದ ಯೋಚಿಸಿ ಹೇಳಿದ್ದೂ ಅಲ್ಲ. ಕಾರ್ಖಾನೆಯೊಳಗೆ, ಕೆಲಸದ ವೇಳೆಯಲ್ಲಿ, ಯಾರ ಇಚ್ಛೆಯೂ ಇಲ್ಲದೆ ಸಂಭವಿಸಿದ್ದು ಯಾವುದೋ ಅದಕ್ಕೆ ನಿಯಮಾವಳಿಯಲ್ಲಿ ಒಂದೇ ಹೆಸರಿದೆ: ಅಪಘಾತ. ಬೆರಳಿಗೆ ಅಲಗು ತಾಗುವಂತೆ ಮಿಗ್ದಾಲಿಯಾಳಿಗೆ ಅಭಿಪ್ರಾಯ ತಾಗಿದೆ ಎಂದು ತೀರ್ಮಾನವಾಯಿತು. ಆಕೆಯ ಪೀಠ ಉಳಿಯಿತು. ಚಿಕಿತ್ಸಾಲಯದ ವೈದ್ಯರು ಗಾಯ ಪರೀಕ್ಷಿಸಿ ಮೂರು ವಾರ ವಿಶ್ರಾಂತಿ ಬರೆದುಕೊಟ್ಟರು.

ಮರುವಾರ ಐವತ್ತೆರಡು ಮಂದಿಗೆ ಇದೇ ಬಗೆಯ ಅಪಘಾತವಾಗಿ ಎಲ್ಲರೂ ರಜೆ ಕೇಳಿದಾಗ, ಸಮಿತಿಯನ್ನು ವಿಸರ್ಜಿಸಿ ಅದೇ ಹದಿನೇಳು ಸದಸ್ಯರ ಸುರಕ್ಷತಾ ಮಂಡಳಿಯನ್ನು ರಚಿಸಲಾಯಿತು. ಮಂಡಳಿಯು ಪೀಠದ ಹಿಂದಿನ ಗೋಡೆಗೆ ಕಪ್ಪು ಹಲಗೆಯೊಂದನ್ನು ತೂಗುಹಾಕಿತು: "ಈ ಕಾರ್ಖಾನೆಯಲ್ಲಿ ಅಭಿಪ್ರಾಯವಿಲ್ಲದೆ ಕಳೆದ ದಿನಗಳು." ಪ್ರತಿ ಬೆಳಿಗ್ಗೆ ಸೀಮೆಸುಣ್ಣದಿಂದ ಅಂಕೆಯನ್ನು ಒಂದು ಏರಿಸಿ, ಅಭಿಪ್ರಾಯ ಸಂಭವಿಸಿದ್ದರೆ ಸೊನ್ನೆಗಿಳಿಸಿ, ಗಟ್ಟಿಯಾಗಿ ಓದುವ ಹೊಣೆ ವಾಚಕಿಗೆ ಬಂದಿತು. ಕೊನೆಯ ಹತ್ತು ನಿಮಿಷ ಈಗ ಆಕೆ ನಮ್ಮೆದುರು ಸುಮ್ಮನೆ ಕುಳಿತಿರುತ್ತಾಳೆ. ನಾವೂ ಆಕೆಯ ಮುಖ ನೋಡುತ್ತ ಕುಳಿತಿರುತ್ತೇವೆ. ಅದಕ್ಕೆ ಯಾವ ನಿಯಮವೂ ಇನ್ನೂ ಇಲ್ಲ.

ನೂರನೆಯ ದಿನ ಸಮಾರಂಭವಿತ್ತು. ಸಾಲ್ದೀವಾರ್ ಬಂದರು, ಹೂವು ಬಂತು, ಮಿಗ್ದಾಲಿಯಾ ಮೂರು ಅಂಕೆಗಳನ್ನು ದುಂಡಗೆ ಬರೆದಳು. ಬಾಕಯಾವೊ ಸಂತೋಷ ತಡೆಯಲಾರದೆ ಸಭೆಯತ್ತ ತಿರುಗಿದರು.

"ಹೇಗಿದೆ ಕಾಚಿತಾ ಅಜ್ಜಿ?"

"ಚೆನ್ನಾಗಿದೆ ಮಗಾ," ಎಂದಳು ಅಜ್ಜಿ.

ಎಲ್ಲರ ಕಣ್ಣೂ ಹಲಗೆಯತ್ತ ಹೋಯಿತು. ಯಾರೂ ಯಾರನ್ನೂ ದೂರಲಿಲ್ಲ. ಅಜ್ಜಿಯೇ "ತಪ್ಪಾಯ್ತು" ಎಂದು ಎದ್ದು, ಒದ್ದೆ ಬಟ್ಟೆ ತಂದು ಮಿಗ್ದಾಲಿಯಾಳ ಕೈಗೆ ಕೊಟ್ಟಳು. ಮಿಗ್ದಾಲಿಯಾ ಹಲಗೆಯನ್ನು ಒರೆಸಿ ಸೊನ್ನೆ ಬರೆದು, ನಮ್ಮತ್ತ ತಿರುಗಿ, ಸ್ಪಷ್ಟವಾದ ದನಿಯಲ್ಲಿ "ಸೊನ್ನೆ" ಎಂದು ಓದಿದಳು. ಅಂಥ ದನಿ ನಮ್ಮ ಪ್ರಾಂತದಲ್ಲಿ ಇನ್ನೊಂದಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ ಅಷ್ಟೆ.